ಆಯಿ ಹುಟ್ಟಿದ ದಿನ

ಆಯಿಯ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಹರೆಯದಲ್ಲಿ ಭಾರದ ಓಲೆ ಹಾಕಿಕೊಂಡು ತಿರುಗಿದ್ದರ ಫಲ ಅದು. ಆ ಸೀಳುಗಿವಿಯನ್ನು ಕಾದ ಬೋಗುಣಿಯ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿ, ಒಳಗಿನ ಕೇಕು ಇನ್ನೂ ಚುರುಗುಡುತ್ತಿದೆಯೋ ಸುಮ್ಮನಾಗಿದೆಯೋ ಎಂದು ಆಕೆ ಆಲಿಸುತ್ತಿದ್ದಳು. ಸದ್ದು ಕೇಳಿದರೆ "ಇನ್ನೂ ಮಾತಾಡಾಕ ಹತ್ತೇತಿ, ಇರ್ಲಿ" ಎಂದು ಹಿಂದೆ ಸರಿಯುತ್ತಿದ್ದಳು. ಸದ್ದು ನಿಂತರೆ ಗ್ಯಾಸು ಬಂದ್. ಅಷ್ಟು ಹೊತ್ತು ಬಿಸಿಗೆ ಮುಖ ಕೊಟ್ಟು ನಿಂತು ಕೆನ್ನೆಯೆಲ್ಲ ಕೆಂಪಾಗಿರುತ್ತಿತ್ತು.

ಆಯಿ ನಮ್ಮ ಬಾಜೂ ಮನೆಯವಳು. ರಕ್ತಸಂಬಂಧವೇನೂ ಇಲ್ಲ, ಆದರೂ ಇಳಕಲ್ಲಿನ ನಮ್ಮ ಓಣಿಯಲ್ಲಿ ಸಣ್ಣವರು ದೊಡ್ಡವರು ಎಲ್ಲರಿಗೂ ಆಕೆ ಆಯಿಯೇ. ಗಂಡ ತೀರಿ ಎಷ್ಟೋ ವರ್ಷವಾಗಿತ್ತು. ಮಗ, ಸೊಸೆ ಇಬ್ಬರೂ ಮುಂಜಾನೆ ಮಗ್ಗಕ್ಕೆ ಕೂತರೆ ಏಳುತ್ತಿದ್ದುದು ಊಟಕ್ಕೆ. ಹೀಗಾಗಿ ಅಡುಗೆಮನೆಯ ರಾಜ್ಯಭಾರವೆಲ್ಲ ಆಯಿಯದು. ಬಾಣಂತಿಗೆ ಅಂಟಿನುಂಡಿ ಕಟ್ಟುವುದಿರಲಿ, ಸತ್ತವರ ಮನೆಗೆ ಬುತ್ತಿ ಒಯ್ಯುವುದಿರಲಿ, ಕರೆಯುವ ಮೊದಲೇ ಹಾಜರು. ಯಾರಾದರೂ ಹಿಂದೆಮುಂದೆ ನೋಡಿದರೆ ಒಂದೇ ಮಾತು: "ಅದಕ್ಕೇನ ಧಾಡಿ ಆಗೇತಿ?" ಹಿಟ್ಟಿಗೂ ಅದೇ, ಮನುಷ್ಯರಿಗೂ ಅದೇ.

ಕೇಕು ಮಾಡುವುದನ್ನು ಆಕೆ ಕಲಿತದ್ದು ಸಿಟ್ಟಿನಿಂದ. ನಮ್ಮ ಕಡೆ ದೀಪಾವಳಿ ಬಂತೆಂದರೆ ಹೆಂಗಸರು ಮೈದಾ, ಸಕ್ಕರೆ, ಡಾಲ್ಡಾ ಕಟ್ಟಿಕೊಂಡು ಬೇಕರಿಯ ಭಟ್ಟಿಗೆ ಹೋಗುತ್ತಾರೆ. ನಮ್ಮ ಸಾಮಾನು ಕೊಟ್ಟರೆ ಅವರು ಬಿಸ್ಕೀಟು ಮಾಡಿ ಡಬ್ಬಿ ತುಂಬಿ ಕೊಡುತ್ತಾರೆ. ಒಂದು ಹಬ್ಬದಲ್ಲಿ ಆಯಿ ಅರ್ಧ ದಿನ ಪಾಳಿ ಹಚ್ಚಿ ನಿಂತು, ಕೊನೆಗೆ ಬೇರೆ ಯಾರದೋ ಮನೆಯ ಸೀದುಹೋದ ಬಿಸ್ಕೀಟು ಕೈಗೆ ಬಂದಾಗ, "ನನ್ನ ಮನ್ಯಾಗೂ ಬೆಂಕಿ ಐತಿ" ಎಂದು ಬೈದು ಬಂದಳಂತೆ. ಅಂದಿನಿಂದ ದೊಡ್ಡ ಬೋಗುಣಿಯ ತಳಕ್ಕೆ ಉಸುಕು ಹಾಕಿ, ಅದು ಕಾದ ಮೇಲೆ ಒಳಗೆ ಡಬ್ಬಿ ಇಟ್ಟು, ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ಒಳಕಲ್ಲಿನ ಗುಂಡನ್ನೇ ಹೇರಿ ಬೇಯಿಸತೊಡಗಿದಳು. ಮೊದಲು ಬಿಸ್ಕೀಟು, ಆಮೇಲೆ ಕೇಕು. ತತ್ತಿ ಇಲ್ಲದ, ಮೊಸರು ಹಾಕಿದ ಕೇಕು. ಅಂಚು ಕರಕಲು, ನಡು ಮೆತ್ತಗೆ. ಇಂದು ಆರ್ಡರ್ ಹಿಡಿದು ಕೇಕು ಮಾಡಿ ಬದುಕುವ ನನ್ನ ಕೈಗೆ ಆ ಕರಕಲು ಅಂಚಿನ ರುಚಿ ಇನ್ನೂ ಬಂದಿಲ್ಲ.

ನನ್ನ ಮಗಳು ಹುಟ್ಟಿದ್ದು ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ. ಓಣಿಯ ತುಂಬ ಎಣ್ಣೆಯ ವಾಸನೆ, ಚಕ್ಕುಲಿ ಒತ್ತುವ ಗಡಿಬಿಡಿ. ಅಂಥದರಲ್ಲೂ ಆಕೆಯ ಹುಟ್ಟುಹಬ್ಬಕ್ಕೆ ಮನೆ ತುಂಬುತ್ತಿತ್ತು. ತುಂಬದೇ ಹೋದದ್ದು ನಮ್ಮ ಮನೆಯವರ ವಿಡಿಯೋ ಬಂದ ವರ್ಷ.

ಹೇಳಿಬಿಡುತ್ತೇನೆ. ನಮ್ಮ ಮನೆಯವರು ಆಗ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗುಮಾಸ್ತರು. ಸ್ವಾತಂತ್ರ್ಯ ದಿನದಂದು ಮುಂಜಾನೆಯೇ ಕುಡಿದು ಹೋಗಿ, ಧ್ವಜದ ಕಂಬ ಹಿಡಿದುಕೊಂಡು ನಿಂತು, ಹುಡುಗರ ಸಾಲಿನ ಎದುರೇ ಕುಸಿದು ಬಿದ್ದರು. ಬಿದ್ದವರು ಎದ್ದು ಸಲ್ಯೂಟ್ ಹೊಡೆದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಹುನಗುಂದ, ಬಾಗಲಕೋಟೆ ಎಲ್ಲ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಜನ ನಗುತ್ತಿದ್ದರು. ನನ್ನ ತವರಿಗೂ ಮುಟ್ಟಿತು. ನೌಕರಿ ಹೋಯಿತು. ಅದು ಹೋದದ್ದಕ್ಕಿಂತ, ನಳದ ಹತ್ತಿರ ನಾನು ಕೊಡ ಹಿಡಿದು ಹೋದರೆ ನಡೆಯುತ್ತಿದ್ದ ಮಾತು ಗಪ್ಪಾಗುತ್ತಿತ್ತಲ್ಲ, ಅದು ನನ್ನನ್ನು ತಿಂದಿತು.

ಆದರೂ ಹಟಮಾರಿ ನಾನು. ಏನೂ ಆಗಿಯೇ ಇಲ್ಲ ಎಂಬಂತೆ ಆ ವರ್ಷವೂ ಮಗಳ ಹುಟ್ಟುಹಬ್ಬಕ್ಕೆ ಮನೆಮನೆಗೆ ಹೋಗಿ ಕರೆದೆ. ಬೇಕರಿಯಿಂದ ದೊಡ್ಡ ಕೇಕು ತರಿಸಿದೆ. ಬಲೂನು ಕಟ್ಟಿದೆ. ಸಂಜೆ ಎರಡು ಹುಡುಗಿಯರು ಬಂದು ಚಾಕಲೇಟು ತೆಗೆದುಕೊಂಡರು, ಅಷ್ಟರಲ್ಲಿ ಹೊರಗಿನಿಂದ ಅವರವ್ವ ಕೂಗಿದಳು, ಓಡಿದರು. ಒಬ್ಬಾಕೆ ಬಾಗಿಲಿಂದಲೇ "ಎಣ್ಣಿ ಒಲಿಮ್ಯಾಲ ಐತಿ ತಂಗಿ" ಎಂದಳು. ಇನ್ನೊಬ್ಬಾಕೆ ಕಿಡಕಿಯಿಂದ ಕರ್ಚಿಕಾಯಿಯ ಹಿಟ್ಟು ಮೆತ್ತಿದ ಕೈ ತೋರಿಸಿದಳು. ಹಬ್ಬದ ಕೆಲಸ ಎಲ್ಲರಿಗೂ ಒಳ್ಳೆಯ ನೆವವಾಗಿ ಸಿಕ್ಕಿತ್ತು. ಮಗಳು ಕುರ್ಚಿಯ ಮೇಲೆ ನಿಂತು, "ಯವ್ವಾ, ಎಲ್ಲಾರೂ ಯಾವಾಗ ಬರ್ತಾರ?" ಎಂದು ಕೇಳುತ್ತಲೇ ಇದ್ದಳು. ನಮ್ಮ ಮನೆಯವರು ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಕತ್ತಲಾಗುವ ಹೊತ್ತಿಗೆ ಆಯಿ ಬಂದಳು. ಖಾಲಿ ಕುರ್ಚಿಗಳನ್ನೂ ಯಾರೂ ಮುಟ್ಟದ ಕೇಕನ್ನೂ ನೋಡಿದಳು. ಮಗಳ ಕೈಯಿಂದ ಕೇಕು ಕೊಯ್ಯಿಸಿ, ದೊಡ್ಡ ತುಂಡು ತಾನೇ ತಿಂದು, "ಬೇಕರಿಯವ ಸಕ್ರಿ ಭಾಳ ಸುರುವ್ಯಾನ" ಎಂದು ಹೊರಟಳು. ನಾನು ಉಳಿದ ಕೇಕನ್ನು ಮರುದಿನ ಎಮ್ಮೆಗೆ ಹಾಕಿದೆ.

ಮುಂದಿನ ವರ್ಷ ದಸರೆ ಮುಗಿಯುತ್ತಿದ್ದಂತೆ ಆಯಿ ನಮ್ಮ ಕಟ್ಟೆಗೆ ಬಂದು ಕೂತಳು.

"ಈ ಸಲ ನಂದೂ ಬರ್ತಡೇ ಮಾಡಬೇಕಂತ ಮಾಡೇನಿ."

ನಾನು ನಕ್ಕೆ. "ನಿಂದ್ಯಾವಾಗ ಬರ್ತದ ಆಯಿ?"

"ದೀಪಾವಳಿ ಆಜೂಬಾಜು ಹುಟ್ಟೇನಂತ ನಮ್ಮವ್ವ ಹೇಳ್ತಿದ್ಲು. ನಿನ್ನ ಮಗಳದೂ ಆಗ ಅಲ್ಲ? ಹಬ್ಬದ ಗದ್ದಲದಾಗ ಎರಡೆರಡು ಕೇಕ್ ಯಾರು ಮಾಡ್ತಾರ? ಒಂದ ಮಾಡಿ ಇಬ್ರೂ ಕೊಯ್ಯೂನು. ಅದಕ್ಕೇನ ಧಾಡಿ ಆಗೇತಿ?"

ನನಗೆ ಅನುಮಾನ ಬರಲಿಲ್ಲ. ಆ ಕಾಲದ ಹೆಂಗಸರಿಗೆ ಹುಟ್ಟಿದ ತಾರೀಖು ಯಾರು ಬರೆದಿಟ್ಟಿದ್ದಾರೆ? ಹಬ್ಬ, ಮಳೆ, ಬರ, ಹೀಗೆ ಯಾವುದೋ ಗುರುತು. ಇರಬಹುದು ಎಂದುಕೊಂಡೆ. ಈ ವರ್ಷ ಯಾರನ್ನೂ ಕರೆಯಬಾರದು ಎಂದು ನಿರ್ಧರಿಸಿದ್ದ ನನಗೆ, ಕರೆಯುವ ಕೆಲಸ ಆಯಿಯ ಪಾಲಿಗೆ ಹೋದದ್ದೇ ಸಮಾಧಾನವಾಯಿತು.

ಆಕೆ ಕರೆದ ರೀತಿಯನ್ನು ಓಣಿಯವರು ಈಗಲೂ ಹೇಳಿ ನಗುತ್ತಾರೆ. ಮನೆಯೊಳಗೇ ನುಗ್ಗಿ, "ನಾಳೆ ಸಂಜೀಕ ನನ್ನ ಬರ್ತಡೇ, ಇವರ ಮನ್ಯಾಗ. ಎಣ್ಣಿ ಒಲಿಮ್ಯಾಲ ಇದ್ರ ಕಡಾಯಿ ಸಹಿತ ಬಾ" ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳು. ಆಯಿಯ ಮಾತು ಮೀರುವ ಧೈರ್ಯ ಯಾರಿಗಿತ್ತು? ಎಲ್ಲರೂ ಬಂದರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಅಂದು ಅವರವರ ಮನೆಯಲ್ಲಿ ಏನು ಕರಿದಿದ್ದರೋ ಅದು: ಚಕ್ಕುಲಿ, ಶಂಕರಪಾಳಿ, ಇನ್ನೂ ಬಿಸಿಯಿದ್ದ ಕರ್ಚಿಕಾಯಿ. ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಸುಕಿನಲ್ಲಿ ಬೆಂದ ಕೇಕಿನ ಮೇಲೆ ಮಗಳ ಹೆಸರು, ಅದರ ಕೆಳಗೆ ‘ಆಯಿ’ ಎಂದು ಟೂಟಿಫ್ರೂಟಿಯಲ್ಲಿ ಬರೆದಿದ್ದೆವು.

ಆರತಿಯ ಹೊತ್ತಿಗೆ ಆಯಿ ಎದ್ದು ಅಡುಗೆಮನೆಯ ಕಡೆ ಹೊರಟಳು. ಗಂಡ ಹೋದ ಮೇಲೆ ಆಕೆಯ ಮುಂದೆ ಯಾರೂ ಆರತಿ ಎತ್ತಿರಲಿಲ್ಲ. ಬಸವಣ್ಣನ ಫೋಟೋ ಇಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ, ಆದರೂ ಈ ವಿಷಯದಲ್ಲಿ ಎಲ್ಲರೂ ಕಣ್ಣು ತಪ್ಪಿಸುವವರೇ. ಮಗಳಿಗೆ ಇದೆಲ್ಲ ಏನು ಗೊತ್ತು? "ಆಯಿ, ಎಲ್ಲಿ ಹೊಂಟಿ? ನಿಂದೂ ಬರ್ತಡೇ ಐತಿ" ಎಂದು ಸೆರಗು ಹಿಡಿದು ಎಳೆದು ತನ್ನ ಮಣೆಯ ಮೇಲೇ ಕೂರಿಸಿಕೊಂಡಳು. ತಟ್ಟೆ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಮಣೆಯ ಮೇಲೆ ಒತ್ತಿ ಕೂತವರಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಬೆಳಗುವುದು ಹೇಗೆ? ಇಬ್ಬರಿಗೂ ಬೆಳಗಿದರು. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಮಗಳು ಮಾತ್ರ ಜಗತ್ತೇ ತನ್ನ ಮನೆಗೆ ಬಂದಿದೆ ಎಂಬ ಸಂಭ್ರಮದಲ್ಲಿದ್ದಳು.

ಅದೇ ಚಳಿಗಾಲದಲ್ಲಿ ಆಯಿ ನನಗೆ ಕೇಕು ಕಲಿಸಿದಳು. ನಮ್ಮ ಮನೆಯವರು ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೂಲಿಗೆ ಹತ್ತಿದ್ದರು. ಕುಡಿತ ಬಿಟ್ಟರು, ಹಿಡಿದರು, ಮತ್ತೆ ಬಿಟ್ಟರು. ಮನೆ ನಾನೇ ಎಳೆಯಬೇಕಿತ್ತು. ಆಯಿಯ ಬೋಗುಣಿಯಲ್ಲಿ ಶುರುವಾದದ್ದು ಒಂದು ಸಣ್ಣ ಕರೆಂಟಿನ ಒಲೆಗೆ ಬಂತು, ಆಮೇಲೆ ದೊಡ್ಡದಕ್ಕೆ. ನನಗೆ ಮೊದಲ ಆರ್ಡರ್ ತಂದವಳೂ ಆಯಿಯೇ. ದಸರೆಯಿಂದ ದೀಪಾವಳಿಯವರೆಗೆ ಬಿಸ್ಕೀಟು, ಕೇಕು ಎಂದು ನನಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲದಂತಾಯಿತು. ಹಿಟ್ಟು ಕಲಸುತ್ತ ನಾನು ಯಾರ ಮೇಲಾದರೂ ಸಿಡಿಮಿಡಿಗೊಂಡರೆ, "ಸಿಟ್ಟಿಲೇ ಕಲಸಬ್ಯಾಡ, ಕೇಕ್ ಬಿರೀತೈತಿ" ಎನ್ನುತ್ತಿದ್ದಳು. ಇದನ್ನು ನಂಬಿದವಳು ಆಕೆಯೊಬ್ಬಳೇ. ನನ್ನ ಕೇಕುಗಳಂತೂ ಎಲ್ಲ ಸಿಟ್ಟಿನಲ್ಲೇ ಉಬ್ಬಿದವು.

ಹುಟ್ಟುಹಬ್ಬ ವರ್ಷವರ್ಷವೂ ಹಾಗೇ ನಡೆಯಿತು. ಒಂದು ವರ್ಷ ದೀಪಾವಳಿ ಬಹಳ ಮುಂದೆ ಹೋಯಿತು. ಮಗಳ ತಾರೀಖು ಹಬ್ಬಕ್ಕಿಂತ ಎಷ್ಟೋ ಮೊದಲೇ ಬಂತು. ಆಯಿಯ ಹುಟ್ಟಿದ ದಿನವೂ ಅದರ ಹಿಂದೆಯೇ ಓಡಿ ಬಂತು. ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಹೊಳೆಯುವಂತೆ ಮಾಡಿದವನು ಗುಡೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಆಯಿಯ ತಮ್ಮ. ಅಕ್ಕನನ್ನು ಹಬ್ಬಕ್ಕೆ ಕರೆಯಲು ಬಂದವನು ಸಂಜೆ ನಮ್ಮ ಮನೆಯಲ್ಲಿ ಸಿಕ್ಕಿಬಿದ್ದ. ಕೇಕು ಕೊಯ್ದು, ಆರತಿ ಮುಗಿದು, ಎಲ್ಲರ ಕೈಯಲ್ಲಿ ತಟ್ಟೆ ಇತ್ತು. ಅವನು ಕೇಕು ಬಾಯಲ್ಲಿಟ್ಟುಕೊಂಡೇ ಕೇಳಿದ:

"ಅಕ್ಕಾ, ನೀ ಹುಟ್ಟಿದ್ದು ಹೋಳಿ ಹುಣ್ಣಿವಿ ಮರುದಿನ ಅಲ್ಲೇನ? ಅಪ್ಪ ಬಣ್ಣ ಬಡಕೊಂಡು ಸೂಲಗಿತ್ತೀನ ಕರ್ಯಾಕ ಹೋಗಿದ್ನಂತ, ಆಕಿ ಗುರ್ತ ಹಿಡೀದ ಬಾಗಿಲಾ ಹಾಕಿದ್ಲಂತ. ಅವ್ವ ಎಷ್ಟ ಸಲ ಹೇಳ್ಯಾಳ. ಇದ್ಯಾವಾಗ ದೀಪಾವಳಿಗೆ ಬಂತು?"

ಆಯಿ ತಮ್ಮನನ್ನು ನುಂಗುವ ಹಾಗೆ ನೋಡಿದಳು. "ನಾ ಎರಡ ಸಲ ಹುಟ್ಟೇನಿ. ನಿನಗೇನ ಧಾಡಿ ಆಗೇತಿ? ತಿನ್ನು ಸುಮ್ನ."

ಮಕ್ಕಳು ನಕ್ಕರು. ಹೆಂಗಸರು ನಗಲಿಲ್ಲ. ಒಬ್ಬಾಕೆ ತನ್ನ ತಟ್ಟೆಯ ಚಕ್ಕುಲಿ ಮುರಿಯತೊಡಗಿದಳು. ಇನ್ನೊಬ್ಬಾಕೆ "ಚಾ ಆರತೈತಿ" ಎಂದಳು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಆಗ ನನಗೆ ತಿಳಿಯಿತು. ಅವರಿಗೆಲ್ಲ ಗೊತ್ತಿತ್ತು, ಮೊದಲ ವರ್ಷದಿಂದಲೇ. ಕುಡುಕನ ಮನೆಯ ಹುಡುಗಿಯ ಹುಟ್ಟುಹಬ್ಬಕ್ಕೆ ಜನ ಬರುವುದಿಲ್ಲವೆಂದು ಮುದುಕಿಯೊಬ್ಬಳು ತನ್ನ ಹುಟ್ಟನ್ನೇ ಸುಳ್ಳು ಮಾಡಿಕೊಂಡಿದ್ದಾಳೆ ಎಂದು ಇಡೀ ಓಣಿಗೆ ಗೊತ್ತಿತ್ತು. ಗೊತ್ತಿಲ್ಲದೆ ಕುಣಿದವರು ನಾನು, ನನ್ನ ಮಗಳು ಇಬ್ಬರೇ. ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಿಡಿಯೋ ಬಂದ ದಿನವೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅದು ನನ್ನ ಗಂಡನ ಮಾನದ ಪ್ರಶ್ನೆಯಾಗಿತ್ತು, ಇದು ನನ್ನದು.

ಮರುದಿನ ಬೆಳಿಗ್ಗೆ ಆಯಿಯ ಹಿತ್ತಲಿಗೆ ಹೋದೆ. ಆಕೆ ಕೇಕಿನ ಉಸುಕನ್ನು ಜರಡಿ ಹಿಡಿಯುತ್ತಿದ್ದಳು.

"ನನ್ನ ಮಗಳ ಸಲುವಾಗಿ ಮಂದೀನ ಭಿಕ್ಷಾ ಬೇಡಿ ತಂದಿಯೇನ ಆಯಿ?"

ಆಕೆ ಜರಡಿ ನಿಲ್ಲಿಸಲಿಲ್ಲ. "ಯಾರಿಗೆ ಭಿಕ್ಷಾ? ಆ ವರ್ಷ ಒಬ್ರೂ ಬರಲಿಲ್ಲ. ಆಮ್ಯಾಲ ನಳದ ಹಂತ್ಯಾಕ ನಿನ್ನ ಮಾರಿ ನೋಡಾಕ ಅವರಿಗೇ ಆಗ್ತಿದ್ದಿಲ್ಲ. ನಾಚಿಕಿ ಅವರಿಗಾಗಿತ್ತು. ತಿರುಗಿ ನಿನ್ನ ಹೊಸ್ತಲಾ ತುಳೀಬೇಕಂದ್ರ ಒಂದು ನೆವ ಬೇಕಲ್ಲ. ಮಾಡಿಕೊಟ್ಟೆ."

"ನನಗ ಒಂದು ಮಾತು ಕೇಳಬೇಕಾಗಿತ್ತು."

"ಕೇಳಿದ್ರ ಹೂಂ ಅಂತಿದ್ದೇನ?"

ಅನ್ನುತ್ತಿರಲಿಲ್ಲ. ಆಯಿ ಜರಡಿ ಕೆಳಗಿಟ್ಟಳು. ಆಕೆ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

"ಮದಲನೇ ವರ್ಷ ನಿನ್ನ ಮಗಳ ಸಲುವಾಗಿ ಮಾಡಿದೆ, ಖರೆ. ಆಮ್ಯಾಲ ನನಗೂ ರುಚಿ ಹತ್ತಿತು ತಂಗಿ. ಈ ವಯಸ್ಸಿನಾಗ ಹೇಳಾಕ ನಾಚಿಕಿ ಬರತೈತಿ. ನನಗ ಯಾರು ಬರ್ತಡೇ ಮಾಡಿದ್ರು? ಮುಂದಿನ ವರ್ಷನೂ ಮಾಡೂನು. ಬ್ಯಾಡ ಅನಬ್ಯಾಡ."

ನಾನು ಬೇಡ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಆಮೇಲೆ ಒಂದಿಡೀ ವರ್ಷ ಆಯಿಯೊಂದಿಗೆ ಮಾತಾಡಿದೆ, ಸಾಮಾನು ಕೊಟ್ಟು ತಂದೆ, ಚಾ ಕುಡಿದೆ. ಒಳಗೆ ಮಾತ್ರ ಗಂಟು ಹಾಗೇ ಇತ್ತು. ನನಗೂ ಈಗ ಹೆಸರಾಗಿದೆ, ಯಾರ ನೆವವೂ ಬೇಡ ಎಂದು ತೋರಿಸಬೇಕಿತ್ತು. ಯಾರಿಗೆ ತೋರಿಸಬೇಕಿತ್ತೋ ಆ ದೇವರೇ ಬಲ್ಲ.

ಮರುವರ್ಷ ಆ ದಿನ ಬಂದಾಗ ನಾನು ಮಗಳನ್ನು ಕರೆದುಕೊಂಡು ಬಾಗಲಕೋಟೆಯ ನವನಗರದ ನನ್ನ ತಂಗಿಯ ಮನೆಗೆ ಹೋದೆ. ಹೋಟೆಲಿನಲ್ಲಿ ಟೇಬಲ್ಲು, ಅವರದೇ ಕೇಕು, ಅವರದೇ ಮೇಣದಬತ್ತಿ. ಹೊರಡುವಾಗ ಆಯಿ ಕಟ್ಟೆಯ ಮೇಲೆ ನಿಂತು, "ಸಂಜೀಕ ಬರ್ತೀರಲ್ಲ?" ಎಂದು ಕೇಳಿದ್ದಳು. "ನೋಡೂನು" ಎಂದು ಆಟೋ ಹತ್ತಿದ್ದೆ. ಆ ವಾರ ಊರಿನ ಎಷ್ಟು ಮನೆಗಳಿಗೆ ಕೇಕು ಮಾಡಿ ಕಳಿಸಿದ್ದೆನೋ ಲೆಕ್ಕವಿಲ್ಲ. ಬಾಜೂ ಮನೆಗೆ ಒಂದು ಮಾಡಿರಲಿಲ್ಲ.

ಹೋಟೆಲಿನಲ್ಲಿ ಮಗಳು ಕೇಕಿನ ತುಂಡೊಂದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, "ಆಯಿಗೆ" ಎಂದು ಇಟ್ಟುಕೊಂಡಳು. ಬಸ್ಸಿನಲ್ಲಿ ಅದು ಕರಗಿ ಅವಳ ಫ್ರಾಕಿಗೆ ಮೆತ್ತಿತು. ನಾನು ಬೈದು ಕಿಡಕಿಯಿಂದ ಬಿಸಾಡಿಸಿದೆ.

ನಾವು ಓಣಿಗೆ ಬಂದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಆಯಿ ನಮ್ಮ ಕಟ್ಟೆಯ ಮೇಲೇ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಹಣೆಯ ಮೇಲೆ ವಿಭೂತಿ, ಮೈಮೇಲೆ ಮಡಿಕೆ ಬಿಚ್ಚಿದ ಗೆರೆ ಇನ್ನೂ ಕಾಣುತ್ತಿದ್ದ ಹೊಸ ಸೀರೆ. ಮಗ ನೇಯ್ದದ್ದು. ಮಗಳ ಕೆನ್ನೆ ಹಿಡಿದು ಕೇಳಿದಳು:

"ಅಲ್ಲಿ ಆರತಿ ಮಾಡಿದ್ರೇನ ಕೂಸಿಗೆ?"

"ಇಲ್ಲ ಆಯಿ."

ಆಯಿ ಪಕ್ಕದಲ್ಲಿ ಸೆರಗು ಮುಚ್ಚಿ ಇಟ್ಟುಕೊಂಡಿದ್ದ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಬತ್ತಿ ಹೊಸೆದು, ಎಣ್ಣೆ ಹಾಕಿ, ಎಲ್ಲ ಸಜ್ಜು ಮಾಡಿದ್ದಳು. "ಹಚ್ಚಿ ಎತ್ತು" ಎಂದು, ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ತಾನು ಎದ್ದು ಒಂದು ಮಾರು ದೂರ ಹೋಗಿ ಕಂಬಕ್ಕೆ ಆತು ನಿಂತಳು. ಮಗಳು ಕೈ ಚಾಚಿ "ಬಾ ಆಯಿ" ಎಂದಳು. ಆಯಿ ನನ್ನ ಮುಖ ನೋಡಿದಳು. ಕಾಯುತ್ತಿದ್ದಳು. ನಾನು ಬಾ ಅನ್ನಲಿಲ್ಲ. ಮಗಳಿಗೊಬ್ಬಳಿಗೇ ಬೆಳಗಿದೆ. ತಟ್ಟೆಯನ್ನು ಕಂಬದ ಕಡೆ ಒಂದಿಷ್ಟು ಹೊರಳಿಸಿದ್ದರೆ ಸಾಕಿತ್ತು. ಕೈ ಬರಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ಕೈ ಬರುತ್ತಿತ್ತು, ನಾನೇ ತಡೆದು ಹಿಡಿದೆ.

"ಛಲೋ ಆತು" ಎಂದಳು ಆಯಿ. ತಟ್ಟೆ ಇಸಿದುಕೊಂಡು ತನ್ನ ಮನೆಗೆ ಹೋದಳು.

ಆ ಚಳಿಗಾಲವನ್ನು ಆಕೆ ದಾಟಲಿಲ್ಲ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ನಾನು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು, ವಿಭೂತಿ ಹಚ್ಚಿ ಹೂವು ಹಾಕಿದ್ದರು. ಭಜನೆಯವರು ಹೊರಗೆ ಕೂತಿದ್ದರು. ಮಗಳು ಆಯಿಯ ಕಾಲ ಹತ್ತಿರ ಕೂತು, ಯಾರು ಕರೆದರೂ ಏಳಲಿಲ್ಲ.

ಹೆಂಗಸರ ನಡುವೆ ಆಯಿಯ ಸೊಸೆ ನನ್ನ ಪಕ್ಕಕ್ಕೆ ಸರಿದು ಕೂತಳು. ಆಕೆಯೂ ಅತ್ತು ಅತ್ತು ಸುಸ್ತಾಗಿದ್ದಳು. ನನ್ನ ಮೇಲೆ ಸಿಟ್ಟಿನಿಂದ ಹೇಳಿದ್ದಲ್ಲ. ಸತ್ತವರ ಮನೆಯಲ್ಲಿ ಏನೇನೋ ನೆನಪಿಗೆ ಬರುತ್ತದೆ, ಹಾಗೆ ಹೇಳಿದಳು.

"ನೀವು ಬಾಗಲಕೋಟಿಗೆ ಹೋದ ದಿನ ಅತ್ತಿ ಮುಂಜಾನಿಂದ ಕೇಕ್ ಮಾಡಾಕ ಹತ್ತಿದ್ರು. ಓಣ್ಯಾಗಿನವ್ರು ಸಂಜೀಕ ಎಲ್ಲಾರೂ ಬಂದಿದ್ರವಾ. ನಾವು ಹೇಳಿ ಕಳಿಸಿದ್ದಿಲ್ಲ, ತಾವ ಬಂದಿದ್ರು. ಕೊಯ್ರಿ ಅತ್ತಿ ಅಂದೆ. ಹುಡುಗಿ ಬರ್ಲಿ, ಅವರವ್ವನೂ ಬರ್ಲಿ, ಬಂದ ಬರ್ತಾರ ಅಂದ್ರು. ಮಂದಿ ಭಾಳೊತ್ತು ಕುಂತು ಎದ್ದು ಹೋದ್ರು. ಎಲ್ಲಾರೂ ಇದ್ರು ಆವತ್ತು, ನೀವ ಇದ್ದಿಲ್ಲ."

"ಆ ಕೇಕ್ ಏನಾತು?" ಎಂದು ಕೇಳಿದೆ.

"ಮರುದಿನ ಎಮ್ಮಿಗೆ ಹಾಕಿದ್ರು" ಎಂದಳು.